ಬಂಡೆಗಿಂತ ಮೊದಲು ಬಾವಿ ನೋಡುತ್ತೇನೆ

ಮಂಗಳೂರಿನ ನೆಲದಡಿಯ ಗುಹೆಗಳಲ್ಲಿ 15 ಲಕ್ಷ ಟನ್, ಉಡುಪಿ ಜಿಲ್ಲೆಯ ಪಾದೂರಿನಲ್ಲಿ 25 ಲಕ್ಷ ಟನ್ ಕಚ್ಚಾ ತೈಲ ಇಡಬಹುದು. ಆ ಗುಹೆಗಳ ಒಳಗೆ ಉಕ್ಕಿನ ತೊಟ್ಟಿ ಇಲ್ಲ, ಬರೀ ಬಂಡೆ. ಎಣ್ಣೆಯನ್ನು ತಡೆದು ನಿಲ್ಲಿಸುವುದು ಸುತ್ತಲಿನ ಅಂತರ್ಜಲ. ಬಿರುಕುಗಳಲ್ಲಿರುವ ನೀರು ಸದಾ ಒಳಗಡೆಗೇ ಒತ್ತುತ್ತಿದ್ದರೆ ಎಣ್ಣೆಗೆ ಹೊರಗೆ ಹೋಗಲು ದಾರಿ ಸಿಗುವುದಿಲ್ಲ. ಒಸರಿ ಬಂದ ನೀರು ತಳ ಸೇರುತ್ತದೆ, ಅದನ್ನು ಪಂಪ್ ಹಾಕಿ ತೆಗೆಯುತ್ತಾರೆ.

ಇಂಥ ಜಾಗಗಳನ್ನು ಪರೀಕ್ಷಿಸುವುದು ನನ್ನ ಕೆಲಸ. ಕರಾವಳಿಯಲ್ಲಾದರೆ ಏಪ್ರಿಲ್–ಮೇನಲ್ಲಿ ಮನೆ ಬಾವಿಗಳಿಂದಲೇ ಶುರು ಮಾಡುತ್ತೇನೆ. ಜುಲೈನಲ್ಲಿ ಅಳೆದರೆ ಯಾವ ಜಾಗವೂ ಚೆನ್ನಾಗಿಯೇ ಕಾಣುತ್ತದೆ, ಅಲ್ವಾ? ಬೇಸಿಗೆಯಲ್ಲಿ ನೀರು ಎಲ್ಲಿಗೆ ಇಳಿಯುತ್ತದೆ ಎಂದು ನೋಡಿಯೇ ಗುಹೆಯ ಆಳ ಗೊತ್ತುಮಾಡಬೇಕು. ಬಾವಿ ಹೇಳುವುದು ಹೆಚ್ಚಾಗಿ ಮೇಲಿನ ಮುರಕಲ್ಲಿನ ನೀರಿನ ಕಥೆ. ಕೆಳಗಿನ ಬಂಡೆಯ ಒತ್ತಡ ತಿಳಿಯಲು ಬೇರೆ ಬೇರೆ ಆಳದಲ್ಲಿ ಪೀಜೋಮೀಟರ್, ಅಂದರೆ ನೀರಿನ ಒತ್ತಡ ಅಳೆಯುವ ಸಾಧನ, ಕೂರಿಸುತ್ತೇವೆ.

ನನಗೆ ಬಹಳ ಇಷ್ಟವಾದದ್ದು ಪ್ಯಾಕರ್ ಪರೀಕ್ಷೆ. ಕೊರೆದ ಬೋರ್‌ನ ಒಂದು ಭಾಗವನ್ನು ಮೇಲೆ ಕೆಳಗೆ ರಬ್ಬರ್ ಪ್ಯಾಕರ್ ಉಬ್ಬಿಸಿ ಮುಚ್ಚುತ್ತೇವೆ. ನಡುವೆ ಒತ್ತಡದಲ್ಲಿ ನೀರು ಬಿಡುತ್ತೇವೆ. 10 ಬಾರ್ ಒತ್ತಡದಲ್ಲಿ ಒಂದು ಮೀಟರ್ ಬಂಡೆ ನಿಮಿಷಕ್ಕೆ ಒಂದು ಲೀಟರ್ ಕುಡಿದರೆ ಅದು ಒಂದು ಲುಜಿಯಾನ್, ಬಂಡೆಯ ಸೋರಿಕೆ ಅಳೆಯುವ ಮಾನ. ಒತ್ತಡವನ್ನು ಹಂತಹಂತವಾಗಿ ಏರಿಸಿ, ಅದೇ ಹಂತಗಳಲ್ಲಿ ಇಳಿಸುತ್ತೇವೆ. ನನ್ನ ಕಣ್ಣು ಇರುವುದು ಒತ್ತಡ ಇಳಿಸುವಾಗ ನೀರಿನ ಮೀಟರ್ ಮೇಲೆ. ಅದೇ ಒತ್ತಡದಲ್ಲಿ ಈಗ ಜಾಸ್ತಿ ನೀರು ಹೋಗುತ್ತಿದೆಯೇ? ಹಾಗಿದ್ದರೆ ಬಿರುಕಿನಲ್ಲಿದ್ದ ಜೇಡಿ ಕೊಚ್ಚಿ ಹೋಗಿರಬಹುದು. ಅಂಥ ಬಿರುಕನ್ನು ಸಿಮೆಂಟ್ ಗ್ರೌಟ್ ಮಾಡುವ, ಅಂದರೆ ಸಿಮೆಂಟ್ ಹಾಲು ತುಂಬಿ ಮುಚ್ಚುವ, ಪಟ್ಟಿಗೆ ಸೇರಿಸುತ್ತೇನೆ. ಸರಾಸರಿ ಅಂಕಿ ಸುಮ್ನೆ ಬರೆದುಕೊಂಡು ಬಂದರೆ ಇದು ಗೊತ್ತೇ ಆಗುವುದಿಲ್ಲ.

ಬೋರ್‌ನಿಂದ ತೆಗೆದ ಬಂಡೆಯ ತುಂಡುಗಳನ್ನಿಟ್ಟ ಕೋರ್ ಪೆಟ್ಟಿಗೆಯಲ್ಲಿ ಕಪ್ಪು ಡಾಲರೈಟ್ ಡೈಕ್, ಅಂದರೆ ಸುತ್ತಲಿನ ಬಂಡೆಯನ್ನು ಸೀಳಿ ಗೋಡೆಯಂತೆ ನಿಂತ ಶಿಲೆ, ಕಂಡರೆ ಅದರ ಎರಡೂ ಅಂಚುಗಳನ್ನು ಬಿಡದೆ ನೋಡುತ್ತೇನೆ. ಡೈಕ್ ಗಟ್ಟಿಯಾಗಿದ್ದರೂ ಅಂಚಿನಲ್ಲಿ ಬಂಡೆ ಒಡೆದು ನೀರು ಹರಿಯುವುದುಂಟು.

 

ತೈಲದ ಗುಹೆಯ ಮೇಲೆ ಸುರಂಗ ತೋಡಿ, ಅಲ್ಲಿಂದ ಸಾಲಾಗಿ ಬೋರ್ ಕೊರೆದು, ಅವುಗಳಿಗೆ ನೀರು ಬಿಟ್ಟು ನೀರಿನ ಪರದೆ ಕಟ್ಟುತ್ತಾರೆ. ಆ ಪರದೆಗೆ ಮೊದಲೇ ನೀರು ತುಂಬಿಸದೆ ಕೆಳಗೆ ಅಗೆಯಲು ನಾನು ಒಪ್ಪುವುದಿಲ್ಲ. ಬಂಡೆ ಒಮ್ಮೆ ಒಣಗಿ ಬಿರುಕಿಗೆ ಗಾಳಿ ಹೊಕ್ಕರೆ ಮತ್ತೆ ಪೂರ್ತಿ ನೆನೆಸುವುದು ಬಹಳ ಕಷ್ಟ. ಅಗೆತ ನಡೆಯುವಷ್ಟು ಕಾಲ ಸುತ್ತಲಿನ ಮನೆಗಳ ಬಾವಿಯನ್ನೂ ಅಳೆಯುತ್ತಲೇ ಇರಬೇಕು. ಗುಹೆಯೊಳಗೆ ಒಸರುವ ನೀರಲ್ಲಿ ಆ ಮನೆಯವರ ಪಾಲೂ ಇರಬಹುದು.