ಟಾಮ್‌ಕ್ಯಾಟ್‌ನಲ್ಲಿ ಕನೆಕ್ಷನ್ ಪೂಲ್ ಹೊಂದಿಸುವುದು ಹೇಗೆ?

ಬೆಳಿಗ್ಗೆ ಚುರುಕಾಗಿದ್ದ ವೆಬ್ ಅಪ್ಲಿಕೇಶನ್ ಮಧ್ಯಾಹ್ನದ ಹೊತ್ತಿಗೆ ನಿಂತುಬಿಡುತ್ತದೆ. ಸರ್ವರ್ ರೀಸ್ಟಾರ್ಟ್ ಮಾಡಿದರೆ ಮತ್ತೆ ಸರಿ. ಇಂಥ ದೂರು ಬಂದಾಗಲೆಲ್ಲ ಡೇಟಾಬೇಸ್ ಮೇಲೆ ಗೂಬೆ ಕೂರಿಸುವುದನ್ನು ನೋಡುತ್ತಲೇ ಇದ್ದೇನೆ. ಹೆಚ್ಚಿನ ಸಲ ತಪ್ಪಿರುವುದು ಪಡೆದ ಕನೆಕ್ಷನ್ ಮರಳಿಸದ ಕೋಡ್‌ನಲ್ಲಿ. ಡೇಟಾಬೇಸ್ ಸಂಪರ್ಕಗಳನ್ನು (ಕನೆಕ್ಷನ್) ತೆರೆದಿಟ್ಟುಕೊಂಡು, ಕೇಳಿದಾಗ ಕೊಟ್ಟು, ಕೆಲಸ ಮುಗಿದ ಮೇಲೆ ವಾಪಸು ಪಡೆಯುವ ಸಂಗ್ರಹವೇ ಕನೆಕ್ಷನ್ ಪೂಲ್. ಜಾವಾ ವೆಬ್ ಅಪ್ಲಿಕೇಶನ್ ಓಡಿಸುವ ಸರ್ವರ್ ಆದ ಟಾಮ್‌ಕ್ಯಾಟ್‌ನಲ್ಲಿ ಅದನ್ನು ಹೊಂದಿಸುವ ಬಗೆ ಇಲ್ಲಿದೆ.

ಮೊದಲು, ಡೇಟಾಬೇಸ್ ಡ್ರೈವರ್‌ನ ಜಾರ್ ಫೈಲನ್ನು ಟಾಮ್‌ಕ್ಯಾಟ್‌ನ ಲಿಬ್ ಫೋಲ್ಡರ್‌ಗೆ ಹಾಕಿ. ಪೂಲ್ ಕಟ್ಟುವುದು ಟಾಮ್‌ಕ್ಯಾಟ್, ನಿಮ್ಮ ಅಪ್ಲಿಕೇಶನ್ ಅಲ್ಲ. ಅಪ್ಲಿಕೇಶನ್ ಒಳಗೆ ಇನ್ನೊಂದು ಪ್ರತಿ ಬೇಡ.

ನಂತರ ಮೆಟಾ-ಇನ್ಫ್ ಫೋಲ್ಡರ್‌ನ ಕಾಂಟೆಕ್ಸ್ಟ್ ಎಕ್ಸ್‌ಎಂಎಲ್ ಫೈಲ್‌ನಲ್ಲಿ ರಿಸೋರ್ಸ್ ಒಂದನ್ನು ಬರೆದು ಹೆಸರು, ಡ್ರೈವರ್, ಯುಆರ್‌ಎಲ್, ಯೂಸರ್‌ನೇಮ್, ಪಾಸ್‌ವರ್ಡ್ ಕೊಡಿ. ಕೋಡ್‌ನಲ್ಲಿ ಜೆಎನ್‌ಡಿಐ (ಹೆಸರು ಕೊಟ್ಟು ರಿಸೋರ್ಸ್ ಹುಡುಕುವ ಜಾವಾ ವ್ಯವಸ್ಥೆ) ಮೂಲಕ ಡೇಟಾಸೋರ್ಸ್ (ಪೂಲ್‌ನಿಂದ ಕನೆಕ್ಷನ್ ಕೊಡುವ ಆಬ್ಜೆಕ್ಟ್) ಹುಡುಕಿಕೊಳ್ಳಿ.

ಇನ್ನು ಸಂಖ್ಯೆಗಳು. ಮ್ಯಾಕ್ಸ್‌ಟೋಟಲ್ ಎಂದರೆ ಒಟ್ಟು ಕನೆಕ್ಷನ್‌ಗಳ ಮಿತಿ. ನೀವು ಹೇಳದಿದ್ದರೆ 8. ಮ್ಯಾಕ್ಸ್‌ವೇಟ್‌ಮಿಲ್ಲಿಸ್ ಎಂದರೆ ಕಾಯುವ ಅವಧಿ. ಹೇಳದಿದ್ದರೆ -1, ಅಂದರೆ ಕೊನೆಯಿಲ್ಲದ ಕಾಯುವಿಕೆ. ಸರ್ವರ್ ಸದ್ದಿಲ್ಲದೆ ನಿಲ್ಲುವುದು ಈ -1ರಿಂದಲೇ. 5000 ಕೊಡಿ, ಐದು ಸೆಕೆಂಡಿಗೆ ಎರರ್ ಬರಲಿ. ಹಳೆಯ ಕಾನ್ಫಿಗ್ ನಕಲು ಮಾಡುವವರು ಎಚ್ಚರ: ಟಾಮ್‌ಕ್ಯಾಟ್ 7ರಲ್ಲಿ ಇವುಗಳ ಹೆಸರು ಮ್ಯಾಕ್ಸ್‌ಆಕ್ಟಿವ್, ಮ್ಯಾಕ್ಸ್‌ವೇಟ್ ಎಂದಿತ್ತು. 8ರಿಂದ ಈಚೆಗೆ ಆ ಹೆಸರುಗಳು ನಡೆಯುವುದಿಲ್ಲ. ನೀವು 50 ಎಂದು ಬರೆದಿದ್ದರೂ ಪೂಲ್ 8ರಲ್ಲೇ ಇರುತ್ತದೆ.

ಹಾಗೆಂದು 50 ಕೊಡಿ ಎನ್ನುತ್ತಿಲ್ಲ. 10ರಿಂದ ಶುರು ಮಾಡಿ. ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಮೂಲ ಕನೆಕ್ಷನ್ ಮಿತಿ 100. ನಾಲ್ಕು ಸರ್ವರ್‌ಗಳಲ್ಲಿ ತಲಾ 30 ಇಟ್ಟರೆ ಅದು ದಾಟಿಹೋಗುತ್ತದೆ.

ಈಗ ಎಲ್ಲರೂ ಎಡವುವ ಜಾಗ. ಪೂಲ್‌ನಿಂದ ಬಂದ ಕನೆಕ್ಷನ್ ಮೇಲೆ ಕ್ಲೋಸ್ ಕರೆದರೆ ಸಂಪರ್ಕ ಕಡಿಯುವುದಿಲ್ಲ, ಪೂಲ್‌ಗೆ ವಾಪಸಾಗುತ್ತದೆ. ಕರೆಯದಿದ್ದರೆ ಆ ಕನೆಕ್ಷನ್ ಹೋದ ಹಾಗೆಯೇ. ಕೊನೆಯ ಸಾಲಿನಲ್ಲಿ ಕ್ಲೋಸ್ ಬರೆದರೆ ಸಾಲದು. ಮಧ್ಯೆ ಎಕ್ಸೆಪ್ಶನ್ ಬಂದರೆ ಆ ಸಾಲು ಓಡುವುದೇ ಇಲ್ಲ. ಜಾವಾ 7ರಿಂದ ಇರುವ ಟ್ರೈ-ವಿತ್-ರಿಸೋರ್ಸಸ್ ಬಳಸಿ, ಬ್ಲಾಕ್ ಮುಗಿದೊಡನೆ ಅದು ತಾನೇ ಕ್ಲೋಸ್ ಕರೆಯುತ್ತದೆ. ಕನೆಕ್ಷನ್, ಸ್ಟೇಟ್‌ಮೆಂಟ್, ರಿಸಲ್ಟ್‌ಸೆಟ್ ಮೂರನ್ನೂ ಟ್ರೈ ಪಕ್ಕದ ಆವರಣದೊಳಗೇ ತೆರೆಯಿರಿ. ಒಂದು ಸೂಕ್ಷ್ಮವಿದೆ: ಅದೇ ಟ್ರೈನ ಕ್ಯಾಚ್ ತಲುಪುವಷ್ಟರಲ್ಲಿ ಕನೆಕ್ಷನ್ ಮುಚ್ಚಿರುತ್ತದೆ. ಹಾಗಾಗಿ ರೋಲ್‌ಬ್ಯಾಕ್‌ಗೆ (ಅರ್ಧಕ್ಕೆ ನಿಂತ ಬದಲಾವಣೆ ರದ್ದು ಮಾಡುವುದಕ್ಕೆ) ಒಳಗೊಂದು ಟ್ರೈ ಬೇಕು.

ರಿಸಲ್ಟ್‌ಸೆಟ್ ಅನ್ನೇ ರಿಟರ್ನ್ ಮಾಡುವ ಮೆಥಡ್‌ಗಳನ್ನು ಬರೆಯಬೇಡಿ. ಕನೆಕ್ಷನ್ ಮುಚ್ಚುವ ಹೊಣೆ ಯಾರದೆಂದೇ ತಿಳಿಯದಂತಾಗುತ್ತದೆ. ಡೇಟಾ ಲಿಸ್ಟ್‌ಗೆ ತುಂಬಿಸಿ ಕೊಡಿ. ಸರ್ವ್‌ಲೆಟ್‌ನ ಫೀಲ್ಡ್‌ನಲ್ಲಿ ಕನೆಕ್ಷನ್ ಇಡಲೇಬಾರದು, ಎಲ್ಲ ಥ್ರೆಡ್‌ಗಳೂ ಅದಕ್ಕೇ ಕೈಹಾಕುತ್ತವೆ. ಕನೆಕ್ಷನ್ ಹಿಡಿದುಕೊಂಡೇ ಇಮೇಲ್ ಕಳಿಸುವುದೂ ಬೇಡ.

ಕಣ್ಣಿಗೆ ಬೀಳದ ಇನ್ನೊಂದು ತಪ್ಪು, ಒಂದು ಕನೆಕ್ಷನ್ ಕೈಯಲ್ಲಿದ್ದಾಗಲೇ ಇನ್ನೊಂದನ್ನು ಕೇಳುವ ಮೆಥಡ್ ಕರೆಯುವುದು. ಪೂಲ್‌ನಲ್ಲಿ 8 ಇದ್ದು, ಒಟ್ಟಿಗೇ 8 ರಿಕ್ವೆಸ್ಟ್ ಬಂದು ತಲಾ ಒಂದನ್ನು ಹಿಡಿದವು ಎನ್ನಿ. ಎಂಟೂ ಎರಡನೆಯದಕ್ಕೆ ಕಾಯುತ್ತವೆ, ಯಾವುದೂ ಬಿಡುವುದಿಲ್ಲ. ಇದ್ದ ಕನೆಕ್ಷನ್ನನ್ನೇ ಆರ್ಗ್ಯುಮೆಂಟಾಗಿ ಕಳಿಸಿ.

ಮೈಎಸ್‌ಕ್ಯೂಎಲ್ ಬಳಸುವವರಿಗೆ: ಕೆಲಸವಿಲ್ಲದ ಸಂಪರ್ಕವನ್ನು ಅದು 28800 ಸೆಕೆಂಡ್, ಅಂದರೆ 8 ಗಂಟೆಗಳ ನಂತರ ಕಡಿಯುತ್ತದೆ. ಇದಕ್ಕೆ ಯುಆರ್‌ಎಲ್‌ನಲ್ಲಿ ಆಟೋರೀಕನೆಕ್ಟ್ ಸೇರಿಸುವ ಅಡ್ಡದಾರಿ ಬೇಡ. ಕನೆಕ್ಷನ್ ಕೊಡುವ ಮೊದಲು ಅದು ಜೀವಂತವಿದೆಯೇ ಎಂದು ನೋಡುವ ಟೆಸ್ಟ್‌ಆನ್‌ಬಾರೋ ಆನ್ ಇರಲಿ. ಜಾವಾ ಆಬ್ಜೆಕ್ಟ್‌ಗಳನ್ನು ಡೇಟಾಬೇಸ್‌ಗೆ ಬೆಸೆಯುವ ಹೈಬರ್ನೇಟ್ ಲೈಬ್ರರಿ ಒಳಗಿನ ಸ್ವಂತ ಪೂಲ್ ಕೂಡ ಬೇಡ, ಅದು ಪ್ರೊಡಕ್ಷನ್‌ಗೆ ಮಾಡಿದ್ದಲ್ಲ. ಸ್ಪ್ರಿಂಗ್ ಬೂಟ್ ಎಂಬ ಜಾವಾ ಫ್ರೇಮ್‌ವರ್ಕ್‌ನಲ್ಲಿ 2ನೇ ಆವೃತ್ತಿಯಿಂದ ಹಿಕಾರಿ ಎಂಬ ಪೂಲ್ ತಾನಾಗಿಯೇ ಬರುತ್ತದೆ. ಹೊಸ ಪ್ರಾಜೆಕ್ಟ್ ಆದರೆ ನಾನು ಅದನ್ನೇ ಹೇಳುತ್ತೇನೆ.

ಕೊನೆಗೆ ಪರೀಕ್ಷೆ. ನಿಮ್ಮ ಮೆಷಿನ್‌ನಲ್ಲಿ ಮ್ಯಾಕ್ಸ್‌ಟೋಟಲ್ 1 ಎಂದಿಟ್ಟು ಪ್ರತಿ ಪುಟವನ್ನೂ ಎರಡು ಸಲ ತೆರೆಯಿರಿ. ಎರಡು ಕನೆಕ್ಷನ್ ಕೇಳುವ ಪುಟ ಮೊದಲ ಸಲವೇ ನಿಲ್ಲುತ್ತದೆ. ಒಂದನ್ನು ಮರಳಿಸದ ಪುಟ ಎರಡನೇ ಸಲಕ್ಕೆ. ಲಾಗ್‌ನಲ್ಲಿ ‘ಟೈಮ್‌ಔಟ್ ವೇಟಿಂಗ್ ಫಾರ್ ಐಡಲ್ ಆಬ್ಜೆಕ್ಟ್’ ಎಂಬ ಸಾಲು ಬಂದರೆ ಕಳ್ಳ ಸಿಕ್ಕಂತೆ. ರಿಮೂವ್‌ಅಬ್ಯಾಂಡನ್ಡ್‌ಆನ್‌ಬಾರೋ, ಲಾಗ್‌ಅಬ್ಯಾಂಡನ್ಡ್ ಎರಡನ್ನೂ ಆನ್ ಮಾಡಿ, ಮರಳದ ಕನೆಕ್ಷನ್ ಕಿತ್ತುಕೊಳ್ಳುವ ಮುನ್ನ ಕಾಯುವ ಮಿತಿಯನ್ನು (ರಿಮೂವ್‌ಅಬ್ಯಾಂಡನ್ಡ್‌ಟೈಮ್‌ಔಟ್) 300 ಸೆಕೆಂಡಿನಿಂದ 10ಕ್ಕೆ ಇಳಿಸಿದರೆ ಕನೆಕ್ಷನ್ ಪಡೆದ ಸಾಲಿನ ನಂಬರೂ ಲಾಗ್‌ನಲ್ಲಿ ಸಿಗುತ್ತದೆ. ಪ್ರೊಡಕ್ಷನ್‌ನಲ್ಲಿ ಮಾತ್ರ ಈ 10 ಬೇಡ, ದೀರ್ಘ ರಿಪೋರ್ಟ್ ಓಡುತ್ತಿರುವಾಗಲೇ ಕನೆಕ್ಷನ್ ಕಿತ್ತುಕೊಳ್ಳುತ್ತದೆ. ಮ್ಯಾಕ್ಸ್‌ಟೋಟಲ್ ಕೂಡ 1ರಿಂದ 10ಕ್ಕೆ ಮರಳಿಸಿಯೇ ಡಿಪ್ಲಾಯ್ ಮಾಡಿ.