ಹಾಸಿಗೆ ಹಿಡಿದ ಹಿರಿಯರ ಆರೈಕೆಯನ್ನು ಮನೆಯವರು ಹಂಚಿಕೊಳ್ಳುವ ಬಗೆ

ಪಾರ್ಶ್ವವಾಯು ಬಡಿದ ಹಿರಿಯರನ್ನು ಆಸ್ಪತ್ರೆಯಿಂದ ಮನೆಗೆ ಕರೆತರುವ ಮುನ್ನವೇ ಮಕ್ಕಳೆಲ್ಲರೂ ಕೂತು ಯಾರ ಪಾಲಿಗೆ ಯಾವ ಕೆಲಸವೆಂದು ತೀರ್ಮಾನಿಸಿಕೊಳ್ಳಬೇಕು. ಇಲ್ಲವಾದರೆ ಹೊರೆಯೆಲ್ಲ ಸದ್ದಿಲ್ಲದೆ ಸೊಸೆಯ ಹೆಗಲಿಗೆ ಬೀಳುತ್ತದೆ. ಜಪಾನಿನಲ್ಲಿಯೂ ಹಿರಿಯ ಮಗನ ಹೆಂಡತಿಯೇ ಅತ್ತೆ ಮಾವಂದಿರ ಸೇವೆ ಮಾಡಬೇಕೆಂಬ ರೂಢಿ ಬಹುಕಾಲ ಇತ್ತು. 2000ದಲ್ಲಿ ಅಲ್ಲಿ ಆರೈಕೆ ವಿಮೆ ಜಾರಿಗೆ ಬಂದಿತು. 40 ದಾಟಿದವರು ಅದಕ್ಕೆ ಕಂತು ಕಟ್ಟುತ್ತಾರೆ, ಅಗತ್ಯವಿದ್ದವರ ಮನೆಗೆ ಸಹಾಯಕರು ಬರುತ್ತಾರೆ. ಜರ್ಮನಿಯ 1995ರ ವಿಮೆಯಲ್ಲಿ ಮನೆಯಲ್ಲೇ ನಡೆಯುವ ಆರೈಕೆಗೆ ನಗದು ಭತ್ಯೆಯೂ ಉಂಟು. ನಮ್ಮ 2007ರ ಕಾಯ್ದೆ ಹೆತ್ತವರ ಪೋಷಣೆಯ ಹೊಣೆಯನ್ನು ಮಗ, ಮಗಳು ಇಬ್ಬರಿಗೂ ಹೊರಿಸುತ್ತದೆ, ಆದರೆ ಸೇವೆ ಮಾಡುವವರ ಬಿಡುವಿನ ಬಗ್ಗೆ ಅದರಲ್ಲಿ ಏನೂ ಇಲ್ಲ. ಆ ಬಿಡುವನ್ನು ಮನೆಯವರೇ ಹೊಂದಿಸಬೇಕು.

ಆದ್ದರಿಂದ ಆಸ್ಪತ್ರೆಯಲ್ಲಿರುವಾಗಲೇ ಕನಿಷ್ಠ ಇಬ್ಬರು, ಅವರಲ್ಲೊಬ್ಬರು ಗಂಡಸು, ದಾದಿಯರ ಎದುರಿನಲ್ಲಿ ಕೆಲಸವನ್ನು ತಾವೇ ಮಾಡಿ ಕಲಿಯಬೇಕು. ರೋಗಿಯ ಮಗ್ಗುಲನ್ನು ಎರಡು ಗಂಟೆಗೊಮ್ಮೆ ಬದಲಿಸಬೇಕು. ಹಾಗೆ ಮಾಡುವಾಗ ಸ್ವಾಧೀನವಿಲ್ಲದ ಕೈಯನ್ನು ಹಿಡಿದೆಳೆದರೆ ಭುಜದ ಕೀಲು ಜಾರಬಹುದು. ಬೆನ್ನಿನ ಕೆಳಭಾಗ ಮತ್ತು ಹಿಮ್ಮಡಿಗಳನ್ನು ದಿನವೂ ನೋಡಬೇಕು. ಕೆಂಪಾದ ಜಾಗವನ್ನು ಬೆರಳಿನಿಂದ ಒತ್ತಿ ಬಿಟ್ಟಾಗ ಅದು ಬಿಳಿಚಿಕೊಳ್ಳದಿದ್ದರೆ ಹಾಸಿಗೆ ಹುಣ್ಣು ಶುರುವಾಗಿದೆಯೆಂದು ತಿಳಿಯಬೇಕು. ಕಪ್ಪು ಮೈಬಣ್ಣದಲ್ಲಿ ಕೆಂಪು ಕಾಣದಿರಬಹುದು, ಆಗ ಅಲ್ಲಿನ ಚರ್ಮ ಸುತ್ತಲಿಗಿಂತ ಬಿಸಿಯಾಗಿದೆಯೇ, ಗಟ್ಟಿಯಾಗಿದೆಯೇ ಎಂದು ಮುಟ್ಟಿ ನೋಡಬೇಕು. ಅಂಥ ಜಾಗವನ್ನು ತಿಕ್ಕಬಾರದು.

ಬಾಯಿಂದ ತಿನ್ನಿಸಲು ವೈದ್ಯರು ಒಪ್ಪಿದ್ದರೆ, ನೆಟ್ಟಗೆ ಕೂರಿಸಿಯೇ ತಿನ್ನಿಸಬೇಕು. ಊಟದ ನಂತರವೂ ಅರ್ಧ ಗಂಟೆ ಮಲಗಿಸಬಾರದು. ನುಂಗಲು ಕಷ್ಟಪಡುವವರಲ್ಲಿ ಮಂದವಾದ ರಾಗಿ ಗಂಜಿಗಿಂತ ತೆಳ್ಳಗಿನ ನೀರು, ಕಾಫಿಗಳೇ ಹೆಚ್ಚಾಗಿ ಕೆಮ್ಮು ತರಿಸುತ್ತವೆ. ಸ್ವಾಧೀನ ತಪ್ಪಿದ ಕಡೆಯ ಕೆನ್ನೆಯೊಳಗೆ ತುತ್ತು ಉಳಿದಿರುತ್ತದೆ, ಅದನ್ನು ಒರೆಸಿ ತೆಗೆಯಬೇಕು.

ದೂರದ ಊರಿನಲ್ಲಿರುವ ಅಥವಾ ವಿದೇಶದಲ್ಲಿರುವ ಮಕ್ಕಳು ಹೋಮ್ ನರ್ಸ್ ಸಂಬಳ, ಔಷಧಿಯ ಖರ್ಚು, ವೈದ್ಯರೊಂದಿಗಿನ ಮಾತುಕತೆ ವಹಿಸಿಕೊಳ್ಳಬಹುದು. ಫೋನಿನಲ್ಲಿ ಸಲಹೆ ಕೊಡುವುದನ್ನು ಮಾತ್ರ ಪಾಲೆಂದು ಲೆಕ್ಕ ಹಾಕಬಾರದು. ರಜೆಯಲ್ಲಿ ಬಂದಾಗ ಹದಿನೈದು ದಿನ ರಾತ್ರಿಯ ಪಾಳಿಯನ್ನೂ ತಾವೇ ನೋಡಿಕೊಂಡು, ಅತ್ತಿಗೆಯನ್ನು ತವರಿಗೆ ಕಳಿಸಿಕೊಟ್ಟರೆ ಅದು ನಿಜವಾದ ಪಾಲು. ತವರಿಗೆ ಹೊರಡುವ ಮೊದಲು ಅತ್ತಿಗೆ ಮಾತ್ರೆಯ ಹೊತ್ತು, ಮಲಮೂತ್ರ, ಮಗ್ಗುಲು ಬದಲಿಸಿದ ಗಂಟೆಗಳನ್ನು ಬರೆದಿಡುವ ಪುಸ್ತಕವನ್ನು ಹಾಸಿಗೆಯ ಪಕ್ಕದಲ್ಲೇ ಇಟ್ಟು ಹೋಗಲಿ.