ತಾನೇ ನಡೆಯುವ ಮದ್ದಿನ ಮಷೀನು ಹುಡುಕಿ ಹೊರಟಿದ್ದೆ

2022ರ ಜುಲೈಯಲ್ಲಿ ನಮ್ಮ ಅಡಿಕೆ ತೋಟಕ್ಕೆ ಎರಡನೇ ಮದ್ದು ಬೀಳಲೇ ಇಲ್ಲ. ಮದ್ದು ಬಿಡುವವರಿಗೆ ಫೋನ್ ಮಾಡಿದಾಗೆಲ್ಲ "ನಾಳೆ ಬರ್ತೇವೆ" ಎಂದೇ ಉತ್ತರ. ಆ ನಾಳೆ ಬರುವಷ್ಟರಲ್ಲಿ ಎಳೆಕಾಯಿ ಮರದ ಬುಡದಲ್ಲಿ ರಾಶಿ ಬಿದ್ದಿತ್ತು. ಹೆಕ್ಕಿ ನೋಡಿದರೆ ತೊಟ್ಟಿನ ಹತ್ತಿರ ಕಪ್ಪು ಕಲೆ, ಮೇಲೆ ಬಿಳಿ ಬೂಷ್ಟು. ಕೊಳೆರೋಗ. ಅವರನ್ನು ಬೈದು ಪ್ರಯೋಜನ ಇಲ್ಲ. ಊರಿನಲ್ಲಿ ಮರ ಹತ್ತುವವರು ಇದ್ದದ್ದೇ ಮೂರು ಜನ, ಕಾಯುವ ತೋಟ ಮೂವತ್ತು.

ತೋಟ ಇರುವುದು ಪೆರ್ಡೂರು ದಾಟಿ ಹೆಬ್ರಿ ಕಡೆ ಹೋಗುವಾಗ, ಎರಡು ಗುಡ್ಡಗಳ ನಡುವೆ. ಮೂರು ಎಕರೆ. ಅಗಲ ಸುಮಾರು 60 ಮೀಟರ್, ಉದ್ದ 200 ಮೀಟರ್, ನಡುವೆ ಒಂದು ಮಣ್ಣಿನ ರಸ್ತೆ. 1,600 ಮರ. ಮುಕ್ಕಾಲು ಪಾಲು ಅಪ್ಪ ನೆಟ್ಟದ್ದು, ಈಗ 50 ಅಡಿ ದಾಟಿವೆ. ವರ್ಷಕ್ಕೆ 4,000 ಮಿಲಿಮೀಟರ್ ದಾಟಿ ಮಳೆ ಸುರಿಯುವ ಜಾಗ. ಇಲ್ಲಿ ಮಳೆ ಹಿಡಿಯುವ ಮೊದಲೊಮ್ಮೆ, ಆಮೇಲೆ 40-45 ದಿನಕ್ಕೆ ಇನ್ನೊಮ್ಮೆ ಬೋರ್ಡೋ, ಅಂದರೆ ಮೈಲುತುತ್ತು-ಸುಣ್ಣ ಬೆರೆಸಿದ ಮದ್ದು, ಬೀಳಲೇಬೇಕು. ಮಳೆ ಬಿಡದಿದ್ದರೆ ಮೂರನೆಯದೂ.

ಆ ವರ್ಷವೇ ತೀರ್ಮಾನ ಮಾಡಿದೆ, ಇನ್ನು ಯಾರನ್ನೂ ಕಾಯುವುದಿಲ್ಲ, ಒಂದು ಮಷೀನು ತರುವುದೇ. ತಲೆಯಲ್ಲಿ ಇದ್ದದ್ದು ವಿಡಿಯೋದಲ್ಲಿ ನೋಡಿದ ಮಷೀನು. ಎತ್ತರದ ನಾಲ್ಕು ಚಕ್ರ, ಮೇಲೆ ಸೀಟು, ಹಿಂದೆ ದೊಡ್ಡ ಟ್ಯಾಂಕ್, ಎರಡೂ ಬದಿಗೆ ರೆಕ್ಕೆಯ ಹಾಗೆ ಬೂಮ್, ಅಂದರೆ ಸಾಲಾಗಿ ನೋಝಲ್ ಇರುವ ಉದ್ದ ತೋಳು. ತಾನೇ ನಡೆದುಕೊಂಡು ಹೋಗಿ ಮದ್ದು ಬಿಡುತ್ತದೆ. ಮನೆಯವಳಿಗೂ ತೋರಿಸಿದೆ. "ಇದು ನಮ್ಮ ಕಣಿ ಹೇಗೆ ದಾಟುತ್ತದೆ?" ಎಂದು ಕೇಳಿದಳು. ಕಣಿ ಅಂದರೆ ಸಾಲುಗಳ ನಡುವೆ ಮಳೆನೀರು ಹರಿದುಹೋಗುವ ಕಾಲುವೆ. ನನ್ನಲ್ಲಿ ಉತ್ತರ ಇರಲಿಲ್ಲ, ಆದರೂ ಆಸೆ ಬಿಡಲಿಲ್ಲ.

2023ರ ಫೆಬ್ರವರಿಯಲ್ಲಿ ಪುತ್ತೂರಿನಲ್ಲಿ ಕೃಷಿ ಯಂತ್ರಮೇಳ ಆಯಿತು. ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊಗೆ 50 ತುಂಬಿದ ವರ್ಷ ಅದು. ಬೆಳಿಗ್ಗೆ ಹೋದವನು ಸಂಜೆಯವರೆಗೆ ಸಿಂಪರಣೆ ಮಷೀನುಗಳ ಹತ್ತಿರವೇ ಇದ್ದೆ. ಬೂಮ್ ಮದ್ದು ಬಿಡುವುದು ಮೇಲಿನಿಂದ ಕೆಳಗೆ. ಭತ್ತ, ಹತ್ತಿ, ತೊಗರಿ, ಅಂದರೆ ಮಷೀನಿಗಿಂತ ಗಿಡ್ಡ ಇರುವ ಬೆಳೆಗೆ. ನಮ್ಮ ಗೊನೆ ಇರುವುದು 50 ಅಡಿ ಮೇಲೆ, ಸೋಗೆಯ ಅಡಿಯಲ್ಲಿ. ಇಷ್ಟು ಸಣ್ಣ ವಿಷಯ ಹೊಳೆಯಲು ನನಗೆ ಆರು ತಿಂಗಳು ಬೇಕಾಯಿತು ಅಂತ ಹೇಳಲು ನಾಚಿಕೆ ಆಗುತ್ತದೆ.

ಬೂಮ್ ಹೋದರೆ ಹೋಗಲಿ, ರಬ್ಬರ್ ಟ್ರ್ಯಾಕಿನ ಮೇಲೆ ನಡೆಯುವ, ಫ್ಯಾನಿನಲ್ಲಿ ಗಾಳಿ ಬೀಸಿ ಮದ್ದು ಹಾರಿಸುವ ಮಷೀನು ಉಂಟಲ್ಲ ಎಂದುಕೊಂಡೆ. ಒಬ್ಬ ಡೀಲರ್ ಅದನ್ನು ತೋಟಕ್ಕೇ ತಂದು ತೋರಿಸಿದರು. ಅಗಲ ನಾಲ್ಕು ಅಡಿ. ನಮ್ಮ ಮರಗಳ ನಡುವೆ ಒಂಬತ್ತು ಅಡಿ ಉಂಟು, ಲೆಕ್ಕದಲ್ಲಿ ಧಾರಾಳ. ಆದರೆ ಎರಡು ಸಾಲಿಗೊಂದು ಕಣಿ ಇದೆ. ಕಣಿಯ ಬದಿಯ ಮೆತ್ತನೆ ಮಣ್ಣಿಗೆ ಟ್ರ್ಯಾಕ್ ಬಂದದ್ದೇ, ಮಷೀನು ಒಂದು ಬದಿಗೆ ವಾಲಿತು. ಅಡಿಕೆ ಮರದ ಸಲಕೆ ಕೊಟ್ಟು ನಾಲ್ಕು ಜನ ಎತ್ತಿದೆವು. ತಿರುಗಿಸುವಾಗ ಒಂದು ಬದಿಯ ಟ್ರ್ಯಾಕ್ ನಿಲ್ಲಿಸಿ ಇನ್ನೊಂದನ್ನು ಓಡಿಸಬೇಕಲ್ಲ, ಆಗ ಮೇಲ್ಮಣ್ಣು ಸಿಪ್ಪೆ ಸುಲಿದ ಹಾಗೆ ಎದ್ದು ಬಂತು, ಜೊತೆಗೆ ಬೇರೂ. ಅಡಿಕೆಯ ಬೇರು ಹೆಚ್ಚಿನದೆಲ್ಲ ಮೇಲೆಯೇ ಇರುವುದು. ಗಾಳಿ ಜೋರೇ ಇತ್ತು, ಆದರೆ ಎಳೆ ಮರಗಳ ಗೊನೆಗೆ ಮಾತ್ರ ಮುಟ್ಟಿತು. ದೊಡ್ಡ ಮರದ ಕಾಂಡ ಅರ್ಧದವರೆಗೆ ಒದ್ದೆ, ಅಷ್ಟೇ.

ಡ್ರೋನ್ ಬಗ್ಗೆಯೂ ಕೇಳುತ್ತಾರೆ, ಒಂದು ಮಾತು ಹೇಳಿಬಿಡುತ್ತೇನೆ. ನಾನು ನೋಡಿದ್ದು 10 ಲೀಟರ್ ಟ್ಯಾಂಕಿನದ್ದು. ಮೇಲಿನಿಂದ ಬಿಟ್ಟ ಮದ್ದನ್ನು ಸೋಗೆಯೇ ಹಿಡಿದುಕೊಳ್ಳುತ್ತದೆ, ಗೊನೆಯ ಅಡಿಭಾಗಕ್ಕೆ ಹೋಗುವುದಿಲ್ಲ. ನನಗೆ ಒಂದು ಮರಕ್ಕೆ 1.2 ಲೀಟರ್‌ನಷ್ಟು ಬೋರ್ಡೋ ಬೇಕು. 10 ಲೀಟರಿಗೆ ಎಂಟು ಮರ ಆಗುವಾಗ ಇಳಿಸಿ ತುಂಬಿಸಬೇಕು. ಬಿಟ್ಟೆ.

ಇಷ್ಟಾದ ಮೇಲೆ ಬುದ್ಧಿ ಬಂತು. ಇಲ್ಲಿಯವರೆಗೆ ನಾನು ಮಷೀನಿನಿಂದ ಮರದ ಕಡೆಗೆ ಯೋಚಿಸುತ್ತಿದ್ದೆ. ಈಗ ಗೊನೆಯಿಂದ ಕೆಳಗೆ ಇಳಿಯುತ್ತಾ ಬಂದೆ.

ಗೊನೆಯ ಹತ್ತಿರ ನೋಝಲ್ ಹೋಗಬೇಕು. ಅದಕ್ಕೆ ಮರ ಹತ್ತುವವರು ಬೇಕು, ಇಲ್ಲವೇ ಕಾರ್ಬನ್ ಫೈಬರ್ ದೋಟಿ. ಮೇಳದಲ್ಲಿ ಅದನ್ನು ಎತ್ತಿ ನೋಡಿದ್ದೆ. ಒಂದರೊಳಗೊಂದು ಕೂರುವ ಕೊಳವೆಗಳು, ಬಿಡಿಸಿದರೆ 60 ಅಡಿ, ಅಲ್ಯೂಮಿನಿಯಂ ದೋಟಿಯ ಹಾಗೆ ಬಗ್ಗಿ ತೂಗುವುದಿಲ್ಲ. ನೆಲದಲ್ಲೇ ನಿಂತು ಮದ್ದು ಬಿಡಬಹುದು. ಮೇಲಿನ ಪ್ರಶ್ನೆ ಮುಗಿಯಿತು. ಉಳಿದದ್ದು, ಈ ನೋಝಲಿಗೆ ಮದ್ದು ತಲುಪಿಸುವ ಪಂಪು ಎಷ್ಟು ದೊಡ್ಡದು ಬೇಕು, ಅದು ನಡೆಯಬೇಕೋ ಕೂತಿರಬೇಕೋ?

ನನ್ನ ಕೆಲಸವೇ ಮೋಟಾರು ರಿಪೇರಿ. ಹಾಗಾಗಿ ಈ ಭಾಗವನ್ನು ಅಂಗಡಿಯವರ ಬಾಯಿಮಾತಿಗೆ ಬಿಡಲಿಲ್ಲ.

ಮಂಗಳೂರಿನ ಒಂದು ಅಂಗಡಿಯಲ್ಲಿ ಎಚ್‌ಟಿಪಿ ಪಂಪು, ಅಂದರೆ ಜೋರು ಒತ್ತಡದಲ್ಲಿ ಮದ್ದು ತಳ್ಳುವ ಪಂಪು ನೋಡಿದೆ. ಮೂರು ಪಿಸ್ಟನ್, ಬೆಲ್ಟ್ ಡ್ರೈವ್, ಪೆಟ್ರೋಲ್ ಎಂಜಿನ್. ಪಟ್ಟಿಯಲ್ಲಿ, ನಿಮಿಷಕ್ಕೆ 950 ಸುತ್ತು ತಿರುಗಿದರೆ 36 ಲೀಟರ್ ಎಂದಿತ್ತು. ನಾನು ಮನೆಯಿಂದಲೇ 20 ಲೀಟರಿನ ಪೇಂಟ್ ಬಕೆಟ್ ತಂದಿದ್ದೆ. ಅಂಗಡಿಯ ಹುಡುಗ ನಕ್ಕ. ಪಂಪು ಚಾಲೂ ಮಾಡಿಸಿ, ಮೊಬೈಲಿನಲ್ಲಿ ಸಮಯ ಹಿಡಿದೆ. ಬಕೆಟ್ ತುಂಬಲು 47 ಸೆಕೆಂಡ್. ಅಂದರೆ ನಿಮಿಷಕ್ಕೆ 25 ಲೀಟರ್ ಚಿಲ್ಲರೆ.

ಮೋಸ ಅಂತ ಅಲ್ಲ. ಪಿಸ್ಟನ್ ಪಂಪು ಒಂದು ಸುತ್ತಿಗೆ ಇಷ್ಟೇ ನೀರು ಎತ್ತುತ್ತದೆ, ಸುತ್ತು ಕಮ್ಮಿಯಾದರೆ ನೀರೂ ಅದೇ ಲೆಕ್ಕದಲ್ಲಿ ಕಮ್ಮಿ. ಎಂಜಿನಿನ ಪುಲ್ಲಿ 3 ಇಂಚು, ಪಂಪಿನ ಪುಲ್ಲಿ 12 ಇಂಚು. ನಾಲ್ಕಕ್ಕೆ ಒಂದು. ಹುಡುಗ ಸದ್ದು ಜಾಸ್ತಿ ಆಗುತ್ತದೆ ಎಂದು ಎಂಜಿನನ್ನು 2,700ರ ಆಸುಪಾಸಿನಲ್ಲಿ ಇಟ್ಟಿದ್ದ. ಪಂಪಿಗೆ ಸಿಕ್ಕಿದ್ದು 675 ಸುತ್ತು. ಆಕ್ಸಿಲರೇಟರ್ ಏರಿಸಿ 3,600ಕ್ಕೆ ತಂದ ಮೇಲೆ ಅದೇ ಬಕೆಟ್ 35 ಸೆಕೆಂಡಿನಲ್ಲಿ ತುಂಬಿತು. ಪಂಪು ಒಳ್ಳೆಯದೇ. ಆದರೆ ದಿನವಿಡೀ ಎಂಜಿನನ್ನು ಪೂರ್ತಿ ಕಿರುಚಿಸಿ ಓಡಿಸಲು ನನಗೆ ಇಷ್ಟ ಇಲ್ಲ. 4 ಇಂಚಿನ ಪುಲ್ಲಿ ಹಾಕಿಸಿಕೊಂಡೆ. ಈಗ 2,700ರಲ್ಲೇ ಪಂಪಿಗೆ 900 ಸುತ್ತು ಸಿಗುತ್ತದೆ, ಅಂದರೆ ನಿಮಿಷಕ್ಕೆ 34 ಲೀಟರ್, ಪೆಟ್ರೋಲೂ ಉಳಿಯುತ್ತದೆ.

ಒಂದು ನೋಝಲಿಗೆ ನಿಮಿಷಕ್ಕೆ ಹತ್ತು ಲೀಟರ್ ಸಾಕು, ಎರಡು ದೋಟಿಗೆ ಇಪ್ಪತ್ತು. ಹಾಗಾದರೆ 34 ಯಾಕೆ? ಉಳಿದ 14 ಲೀಟರ್ ರಿಟರ್ನ್ ಪೈಪಿನಲ್ಲಿ ಡ್ರಮ್ಮಿನ ತಳಕ್ಕೆ ವಾಪಸು ಹೋಗಬೇಕು. ಬೋರ್ಡೋ ಸುಮ್ನೆ ಬಿಟ್ಟರೆ ಅಡಿ ಕೂರುತ್ತದೆ. ಈ ವಾಪಸು ನೀರೇ ಅದನ್ನು ಕಲಕುತ್ತಾ ಇರುತ್ತದೆ. ಹೆಚ್ಚಿಗೆ ಒಂದು ಕೋಲು, ಒಬ್ಬ ಆಳು ಉಳಿಯಿತು.

ಇನ್ನು ಪೈಪು. ಎಲ್ಲರೂ ಕೇಳುವ ಪ್ರಶ್ನೆ ಒಂದೇ, 50 ಅಡಿ ಮೇಲೆ ಏರುತ್ತದಾ? ನಾನೂ ಅದಕ್ಕೇ ಹೆದರಿದ್ದೆ. ಆದರೆ ಎತ್ತರದ ಲೆಕ್ಕ ಸಣ್ಣದು. ಹತ್ತು ಮೀಟರಿಗೆ ಹೆಚ್ಚುಕಮ್ಮಿ ಒಂದು ಕೇಜಿ (ಚದರ ಸೆಂಟಿಮೀಟರಿಗೆ) ಒತ್ತಡ. 50 ಅಡಿ ಅಂದರೆ 15 ಮೀಟರ್, ಒಂದೂವರೆ ಕೇಜಿ ಹೋಯಿತು, ಅಷ್ಟೇ. ಒತ್ತಡ ನುಂಗುವುದು ಪೈಪಿನ ಉದ್ದ. ವರ್ಕ್‌ಶಾಪಿನ ಗೇಜ್ ತಂದು ಪೈಪಿನ ತುದಿಗೆ ಕಟ್ಟಿ, ನೋಝಲ್ ತೆರೆದಿಟ್ಟು ಅಳೆದೆ. ಪಂಪಿನಲ್ಲಿ 25 ಕೇಜಿ. 8.5 ಎಂಎಂ ಪೈಪು 100 ಮೀಟರ್ ಎಳೆದಾಗ, ನೆಲದಲ್ಲಿ ಮಲಗಿಸಿಯೇ, ತುದಿಯಲ್ಲಿ 13 ಕೂಡ ಇಲ್ಲ! ಅದೇ ಉದ್ದದ 10 ಎಂಎಂ ಪೈಪಿನಲ್ಲಿ 19. ಒಂದೂವರೆ ಎಂಎಂ ವ್ಯತ್ಯಾಸಕ್ಕೆ ಇಷ್ಟು. ಎರಡು ನೋಝಲನ್ನು ಒಂದೇ ಸಪೂರ ಪೈಪಿಗೆ ಕವಲು ಮಾಡಿ ಕೊಟ್ಟರಂತೂ ಮೇಲೆ ಮದ್ದು ಹನಿಯುತ್ತದೆ, ಹಾರುವುದಿಲ್ಲ.

ಆವಾಗ ಗೊತ್ತಾಯಿತು, ನನಗೆ ತಾನೇ ನಡೆಯುವ ಮಷೀನು ಬೇಕಾದ್ದು ಯಾಕೆ ಅಂತ. ಮರದ ಬುಡದವರೆಗೆ ಹೋಗಲು ಅಲ್ಲ, ಪೈಪು ಗಿಡ್ಡ ಮಾಡಲು. ಪಂಪು ರಸ್ತೆಯಲ್ಲಿ ಮೂರು ಕಡೆ ನಿಂತರೆ 50 ಮೀಟರ್ ಪೈಪಿನಲ್ಲಿ ತೋಟದ ಮೂಲೆ ಮೂಲೆಯೂ ಸಿಗುತ್ತದೆ. ಅಷ್ಟಕ್ಕೆ ಟ್ಯಾಂಕ್, ಸೀಟು, ಬೂಮ್ ಇರುವ ರಥ ಬೇಡ. ಅಡಿಕೆ, ಗೊಬ್ಬರ ಹೊರುವ ಮೋಟೋಕಾರ್ಟ್ ಸಾಕು. ಅಗಲ ಎರಡೂವರೆ ಅಡಿ, ಹಿಂದೆ ನಡೆದುಕೊಂಡೇ ನಡೆಸುವುದು. ಮದ್ದಿನ ಕೆಲಸ ವರ್ಷಕ್ಕೆ ಏಳೆಂಟು ದಿನ, ಉಳಿದ ದಿನ ಅದು ಗೊಬ್ಬರ ಹೊರುತ್ತದೆ. ಕಾರ್ಟು, ಪಂಪು, ಪೈಪು ಎಲ್ಲ ಸೇರಿದರೂ ಆ ದೊಡ್ಡ ಮಷೀನಿನ ಮೂರನೇ ಒಂದು ಪಾಲು ಆಗಲಿಲ್ಲ.

ಪಂಪಿಗೆ ಸಬ್ಸಿಡಿ ಸಿಕ್ಕಿತು. ಪಹಣಿ, ಆಧಾರ್, ಫ್ರೂಟ್ಸ್ ಐಡಿ (ರೈತರ ನೋಂದಣಿ ಸಂಖ್ಯೆ) ಸರಿ ಇದ್ದರೆ ಅಲೆದಾಟ ಕಮ್ಮಿ. ಆದರೆ ಇಲಾಖೆಯ ಪಟ್ಟಿಯಲ್ಲಿರುವ ಮಾದರಿಗೆ ಮಾತ್ರ. ಒಬ್ಬ ಅಂಗಡಿಯವರು "ಈಗ ಕೊಂಡುಹೋಗಿ, ಸಬ್ಸಿಡಿ ಆಮೇಲೆ ಮಾಡುವಾ" ಎಂದರು. ಅದನ್ನು ನಂಬಬೇಡಿ, ಮೊದಲು ಅರ್ಜಿ, ಆಮೇಲೆ ಬಿಲ್ಲು.

ಪಂಪು ಆರಿಸುವಾಗ ಇನ್ನೆರಡು ವಿಷಯಕ್ಕೆ ಹಟ ಹಿಡಿದೆ. ಹೆಡ್ ಹಿತ್ತಾಳೆಯದ್ದೇ ಬೇಕು. ಮೈಲುತುತ್ತು ಕಬ್ಬಿಣ, ಅಲ್ಯೂಮಿನಿಯಂ ಎರಡನ್ನೂ ತಿನ್ನುತ್ತದೆ. ಬೋರ್ಡೋ ಹದ ನೋಡಲು ನಾವು ಕತ್ತಿ ಅದ್ದುವುದು ಇದೇ ಕಾರಣಕ್ಕೆ. ಸುಣ್ಣ ಕಮ್ಮಿಯಾದರೆ ಕತ್ತಿಯ ಮೇಲೆ ಕೆಂಪಗೆ ತಾಮ್ರ ಹಿಡಿಯುತ್ತದೆ. ಪಂಪಿನ ಒಳಗೂ ಅದೇ ಆಗುವುದು. ಎರಡನೆಯದು ಸೀಲ್. ಸುಣ್ಣದ ಸಣ್ಣ ಹರಳು ಪಿಸ್ಟನಿನ ಸೀಲನ್ನು ಮರಳುಕಾಗದದ ಹಾಗೆ ಸವೆಸುತ್ತದೆ. ಸೀಲ್ ಸೆಟ್ಟು ಉಡುಪಿಯಲ್ಲಿ ಸಿಗುತ್ತದಾ ಎಂದು ಕೇಳಿದೆ. "ತರಿಸಿ ಕೊಡ್ತೇವೆ" ಎಂದವರ ಪಂಪು ಎಷ್ಟೇ ಚಂದ ಇದ್ದರೂ ಬಿಟ್ಟೆ. ಜುಲೈ ತಿಂಗಳಲ್ಲಿ ಎರಡು ದಿನ ಬಿಸಿಲು ಸಿಗುವುದೇ ಪುಣ್ಯ, ಆ ಎರಡು ದಿನ ಸೀಲಿಗೆ ಕಾಯುತ್ತಾ ಕೂರಲು ಆಗುತ್ತದಾ?

2024ರ ಮೇ ಕೊನೆಗೆ ಮೊದಲ ಮದ್ದು. ಕಾರ್ಟಿನ ಮೇಲೆ ಪಂಪು, ಅದರ ಪಕ್ಕ 200 ಲೀಟರಿನ ಡ್ರಮ್. ದಾರಿ ಒಣಗಿತ್ತು, ಎಲ್ಲ ಸಲೀಸು. ಬೀಗಿದೆ. ಜುಲೈಯಲ್ಲಿ ಅದೇ ವ್ಯವಸ್ಥೆಯಲ್ಲಿ ಎರಡನೇ ಮದ್ದಿಗೆ ಇಳಿದೆವು. ಮುಕ್ಕಾಲು ತುಂಬಿದ ಡ್ರಮ್ಮಿನ ಮದ್ದು ತಿರುವಿನಲ್ಲಿ ಒಂದು ಬದಿಗೆ ಓಲಾಡಿತು, ಚಕ್ರ ಕೆಸರಿನಲ್ಲಿ ಜಾರಿತು. ಕಾರ್ಟು, ಡ್ರಮ್, ಪಂಪು ಎಲ್ಲ ಕಣಿಗೆ. ಹತ್ತು ನಿಮಿಷ ಕಣಿಯಲ್ಲಿ ನೀಲಿ ನೀರು ಹರಿಯಿತು. ನನ್ನ ಕಾಲಿಗೆ ಏನೂ ಆಗಲಿಲ್ಲ, ಏರ್ ಫಿಲ್ಟರಿನೊಳಗೆ ಮಾತ್ರ ಕೆಸರು ತುಂಬಿತ್ತು.

ತಪ್ಪು ನನ್ನದೇ. ನೀರು ಹೊರುವ ಅಗತ್ಯವೇ ಇರಲಿಲ್ಲ. ತೋಟದ ಉದ್ದಕ್ಕೂ ಸ್ಪ್ರಿಂಕ್ಲರ್ ಪೈಪು ಇದೆ, ನೀರು ತಾನಾಗಿ ಬರುತ್ತದೆ. ಈಗ ಮೂರು ಜಾಗದಲ್ಲಿ ಖಾಲಿ ಪ್ಲಾಸ್ಟಿಕ್ ಡ್ರಮ್ ಇಟ್ಟಿದ್ದೇವೆ. 200 ಲೀಟರಿಗೆ ಎರಡು ಕೇಜಿ ಮೈಲುತುತ್ತು, ಎರಡು ಕೇಜಿ ಸುಣ್ಣ. ಬೇರೆ ಬೇರೆ ಕರಗಿಸಿ, ಬಟ್ಟೆಯಲ್ಲಿ ಸೋಸಿ, ಅಲ್ಲೇ ಬೆರೆಸುವುದು. ಇಡೀ ತೋಟಕ್ಕೆ ಒಂದು ಸಲದ ಮದ್ದಿಗೆ ಹತ್ತು ಡ್ರಮ್. ಕಾರ್ಟಿನ ಮೇಲೆ ಪಂಪು ಮತ್ತು ಪೈಪಿನ ಸುರುಳಿ ಮಾತ್ರ. ಈ ಬೋರ್ಡೋವನ್ನು ಮೈಸೂರು ಸರ್ಕಾರದಲ್ಲಿದ್ದ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರಷ್ಟು ಹಿಂದೆಯೇ ಕೊಳೆರೋಗಕ್ಕೆ ಹೇಳಿದ್ದರು. ಮದ್ದು ಅಂದಿನದ್ದೇ. ಅದನ್ನು ಗೊನೆಗೆ ಮುಟ್ಟಿಸುವುದಕ್ಕೆ ನಾವು ಇನ್ನೂ ಒದ್ದಾಡುತ್ತಾ ಇದ್ದೇವೆ.

ಒತ್ತಡ ಜಾಸ್ತಿ ಇಟ್ಟರೆ ಒಳ್ಳೆಯದು ಎನ್ನುವವರಿದ್ದಾರೆ. ನಮ್ಮ ಅನುಭವ ಬೇರೆ. 30 ದಾಟಿದರೆ ಮದ್ದು ಮಂಜಿನ ಹಾಗೆ ಒಡೆದು ಗಾಳಿಗೆ ಹೋಗುತ್ತದೆ, ಸ್ವಲ್ಪ ನಮ್ಮ ಮುಖಕ್ಕೂ. ನೋಝಲಿನ ಹತ್ತಿರ 18-20 ಇದ್ದರೆ ಗೊನೆ ಎರಡೂ ಬದಿಯಿಂದ ಚೆನ್ನಾಗಿ ನೆನೆಯುತ್ತದೆ. ಸಂಜೆ ಎಷ್ಟೇ ಸುಸ್ತಾಗಿದ್ದರೂ ಹತ್ತು ನಿಮಿಷ ಬರೀ ನೀರು ಓಡಿಸುತ್ತೇನೆ. ಎರಡು ಮಳೆಗಾಲ ಕಳೆದರೂ ಸೀಲ್ ಬದಲಿಸಿದ್ದು ಒಮ್ಮೆ ಮಾತ್ರ.

ಈಗ ಎರಡು ದೋಟಿಯಲ್ಲಿ ಮೂರು ದಿನಕ್ಕೆ ತೋಟ ಮುಗಿಯುತ್ತದೆ. ಒಂದು ನನ್ನದು, ಇನ್ನೊಂದು ತರಬೇತಿ ಪಡೆದ ಹುಡುಗನದ್ದು, ಅವನು ತನ್ನ ದೋಟಿ ತಾನೇ ತರುತ್ತಾನೆ. ಎರಡನೇ ದಿನ ಕುತ್ತಿಗೆ ಹಿಡಿದುಕೊಳ್ಳುತ್ತದೆ, ಅದನ್ನು ಯಾರೂ ಮೊದಲೇ ಹೇಳಿರಲಿಲ್ಲ.

ತೋಟದ ಕೆಳಗಿನ ತುದಿಯಲ್ಲಿ ಕರೆಂಟಿನ ಲೈನ್ ಹಾದುಹೋಗುತ್ತದೆ. ಕಾರ್ಬನ್ ಫೈಬರಿನಲ್ಲಿ ಕರೆಂಟ್ ಹರಿಯುತ್ತದೆ, ಅದೂ ಒದ್ದೆ ದೋಟಿ, ಒದ್ದೆ ನೆಲ. ಆ ಬದಿಯ ನಲವತ್ತು ಮರಕ್ಕೆ ನಾವು ದೋಟಿ ಎತ್ತುವುದೇ ಇಲ್ಲ. ಅದಕ್ಕೆ ಹಳೆಯ ಕೊನೆಗಾರರನ್ನೇ ಕರೆಯುತ್ತೇನೆ. ಲೈನ್ ಆಫ್ ಮಾಡಿಸಿದ ಮೇಲೆ ಅವರು ಮರ ಹತ್ತುತ್ತಾರೆ. ಕಳೆದ ಸಲ ಫೋನ್ ಮಾಡಿದಾಗ, "ಮಷೀನು ತಂದಿದ್ದೀರಂತೆ, ಮತ್ತೆ ನಾನು ಯಾಕೆ ಮಾರಾಯ್ರೆ?" ಎಂದು ನಕ್ಕರು. ಆಮೇಲೆ, "ನಾಳೆ ಬರ್ತೇನೆ" ಎಂದರು. ನಾಲ್ಕನೇ ದಿನ ಬಂದರು.